ಆಯಿಯ ಲೋಡಿಗೆ ಗೊಂಡೆ ಯಾಕೆ ಇತ್ತು?

ಪ್ರಶ್ನೆ: ಅಕ್ಕಾರೆ, ನಮ್ಮದು ಆಳಂದ ತಾಲ್ಲೂಕು. ಮನೆಯಲ್ಲಿ ನಮ್ಮ ಆಯಿಯ ಕಾಲದ ಎರಡು ಲೋಡು, ಅಂದರೆ ಒರಗಿ ಕೂರುವ ಉದ್ದನೆಯ ದುಂಡು ದಿಂಬು, ಇವೆ. ಕೆಂಪು ಮಖಮಲ್ ಬಟ್ಟೆ, ಎರಡೂ ತುದಿಗೆ ರೇಷ್ಮೆ ಗೊಂಡೆ. ಒಳಗಿನ ಹತ್ತಿ ಗಂಟುಗಂಟಾಗಿತ್ತು ಅಂತ ಒಂದು ಅಂಗಡಿಗೆ ಕೊಟ್ಟೆವು. ಅವರು ಹತ್ತಿ ತುಂಬಿದರು. ಆದರೆ ‘ಇದೆಲ್ಲಾ ಹಳೆ ಕಾಲದ್ದು’ ಅಂತ ಗೊಂಡೆ ಕತ್ತರಿಸಿ, ತುದಿಗೆ ಬಂಗಾರ ಬಣ್ಣದ ಲೇಸು ಅಂಟಿಸಿ ಕೊಟ್ಟರು. ಎರಡೇ ತಿಂಗಳಿಗೆ ತುದಿಯ ನಡುವಿನಿಂದ ಹತ್ತಿ ಹೊರಗೆ ಬರುತ್ತಿದೆ. ಲೇಸೂ ಎದ್ದಿದೆ. ಗೊಂಡೆಗಳನ್ನು ಕೇಳಿ ವಾಪಸ್ ತಂದಿಟ್ಟಿದ್ದೇನೆ. ನಾಲ್ಕರಲ್ಲಿ ಒಂದು ಅರ್ಧ ಬಿಚ್ಚಿ ಹೋಗಿದೆ. ಮತ್ತೆ ಹಾಕಬಹುದಾ? ಇನ್ನೊಂದು ಮಾತು. ಮಗಳ ಮದುವೆ ಇದೆ, ಸೀರೆಗೆ ಕುಚ್ಚು ಕಟ್ಟಿಸಬೇಕು ಅಂತ ಹಟ ಹಿಡಿದಿದ್ದಾಳೆ. ಇವೆಲ್ಲ ಬರೀ ಶೋಕಿ ಅಂತಾರೆ ನಮ್ಮ ಮನೆಯವರು. ಹೌದಾ?

ಉತ್ತರ: ಗೊಂಡೆಗಳನ್ನು ಕೇಳಿ ವಾಪಸ್ ತಂದಿರಲ್ಲ, ಅದಕ್ಕೆ ಮೊದಲು ನಿಮಗೆ ಶಹಬ್ಬಾಸ್ ಅನ್ನಬೇಕು. ಬಹಳ ಜನ ಅಂಗಡಿಯಲ್ಲೇ ಬಿಟ್ಟು ಬರುತ್ತಾರೆ. ಆಮೇಲೆ ಅಂಥದ್ದೇ ಬೇಕು ಅಂತ ಕಲಬುರಗಿಯ ಸೂಪರ್ ಮಾರ್ಕೆಟ್ ಬಜಾರಿನ ಲೇಸಿನ ಅಂಗಡಿಗಳನ್ನೆಲ್ಲ ಸುತ್ತುತ್ತಾರೆ, ಸಿಗುವುದಿಲ್ಲ. ನಿಮ್ಮ ಲೋಡು ಖಂಡಿತ ಸರಿಹೋಗುತ್ತದೆ. ಮನೆಯಲ್ಲೇ ಕೂತು ಒಂದು ಮಧ್ಯಾಹ್ನದಲ್ಲಿ ಮಾಡಿಕೊಳ್ಳಬಹುದು.

ನಾನು ಕಲಬುರಗಿಯಲ್ಲಿ ಗಾದಿ, ಲೋಡು, ಪರದೆ, ಸೋಫಾ ಹೊಲಿಗೆ ಮಾಡುತ್ತಾ 28 ವರ್ಷ ಆಯಿತು. ಸೀರೆಗೆ ಕುಚ್ಚೂ ಕಟ್ಟುತ್ತೇನೆ. ನಿಮ್ಮ ಮನೆಯವರ ಮಾತಿಗೆ ಉತ್ತರ ಮೊದಲೇ ಹೇಳಿಬಿಡುತ್ತೇನೆ. ಗೊಂಡೆ, ಕುಚ್ಚು, ಝಾಲರು, ಗಾದಿಯ ಗುಂಡಿ, ಇವುಗಳಲ್ಲಿ ಹೆಚ್ಚಿನವಕ್ಕೆ ಮೊದಲು ಒಂದು ಕೆಲಸ ಇತ್ತು. ಚೆಂದ ಆಮೇಲೆ ಬಂತು. ಆ ಕೆಲಸ ಏನು ಅಂತ ನೋಡದೆ ಕಿತ್ತರೆ ಬಟ್ಟೆ ಬಿಚ್ಚಿಕೊಳ್ಳುತ್ತದೆ. ನಿಮ್ಮ ಲೋಡಿಗೆ ಆಗಿದ್ದೂ ಅದೇ.

ಲೋಡು ಅಂದರೆ ಒಂದು ಬಟ್ಟೆಯ ಕೊಳವೆ. ಉದ್ದಕ್ಕೆ ಒಂದು ನೇರ ಹೊಲಿಗೆ ಹಾಕಿದರೆ ಮೈ ಮುಗಿಯಿತು. ಕಷ್ಟ ಇರುವುದು ಎರಡು ತುದಿಯಲ್ಲಿ. ತುದಿ ಮುಚ್ಚಲು ಎರಡು ದಾರಿ. ಒಂದು, ದುಂಡಗೆ ಕತ್ತರಿಸಿದ ಬಟ್ಟೆಯನ್ನು ಮುಚ್ಚಳದ ಹಾಗೆ ಹೊಲಿಯುವುದು. ಈಗ ಅಂಗಡಿಯಲ್ಲಿ ಸಿಗುವ ಲೋಡುಗಳು ಹೆಚ್ಚಾಗಿ ಹೀಗೇ. ಇನ್ನೊಂದು ಹಳೆಯ ದಾರಿ, ನಿಮ್ಮ ಆಯಿಯ ಲೋಡಿನದು. ಕೊಳವೆಯ ಅಂಚಿಗೆ ದಾರ ಓಡಿಸಿ, ಸಂಚಿಯ ಬಾಯಿ ಎಳೆದ ಹಾಗೆ ನಡುವಿಗೆ ಎಳೆಯುವುದು. ನೆರಿಗೆಗಳು ಸೂರ್ಯನ ಕಿರಣದ ಹಾಗೆ ಬೀಳುತ್ತವೆ. ನೋಡಲು ಬಹಳ ಚೆಂದ.

ಆದರೆ ಲೆಕ್ಕ ಹಾಕಿ ನೋಡಿ. ಲೋಡಿನ ತುದಿ 9 ಇಂಚು ಅಗಲ ಇದ್ದರೆ ಅದರ ಸುತ್ತಳತೆ 28 ಇಂಚಿನ ಮೇಲೆ. ಅಷ್ಟೂ ಬಟ್ಟೆ, ಅದೂ ದಪ್ಪ ಮಖಮಲ್ಲು, ಒಂದೇ ಬಿಂದುವಿಗೆ ಬಂದು ಸೇರಬೇಕು. ಎಷ್ಟು ಬಿಗಿಯಾಗಿ ಎಳೆದರೂ ನಡುವೆ ಒಂದು ತೂತು ಉಳಿಯುತ್ತದೆ. ನೆರಿಗೆಗಳು ಒಂದಕ್ಕೊಂದು ಒತ್ತಿಕೊಂಡು ಇನ್ನು ಒಳಗೆ ಜಾಗ ಇಲ್ಲ ಅನ್ನುತ್ತವೆ. ಆ ತೂತಿಗೆ ಹೊರಗಿನಿಂದ ಕೂರುವುದೇ ಗೊಂಡೆಯ ತಲೆ. ಗೊಂಡೆಯ ಹುರಿ ಒಳಗೆ ಇಳಿದು ಗಂಟಾಗಿ, ತಲೆಯನ್ನು ನೆರಿಗೆಯ ಮೇಲೆ ಬಿಗಿಯಾಗಿ ಹಿಡಿದಿರುತ್ತದೆ. ಅಂದರೆ ಗೊಂಡೆ ಇಲ್ಲಿ ಬಿರಡೆ. ಕೆಳಗೆ ಇಳಿಬಿದ್ದ ರೇಷ್ಮೆ ಎಳೆ ಮಾತ್ರ ಅಲಂಕಾರ. ಅಂಗಡಿಯವರು ಬಿರಡೆ ಕಿತ್ತು ಬಾಟಲಿಯ ಕತ್ತಿಗೆ ಲೇಸು ಸುತ್ತಿದ್ದಾರೆ. ಹತ್ತಿ ಹೊರಗೆ ಬರದೆ ಏನು ಮಾಡೀತು, ಅಲ್ವಾ?

ಈಗ ಸರಿ ಮಾಡುವ ಮಾತು. ಮೊದಲು ಆ ಲೇಸು ತೆಗೆಯಿರಿ. ಒಮ್ಮೆಲೇ ಜಗ್ಗಬೇಡಿ, ಮಖಮಲ್ಲಿನ ನಾರು ಅಂಟಿನ ಜೊತೆ ಕಿತ್ತು ಬರುತ್ತದೆ. ಬಿಸಿ ಅಂಟಿನ ಕಡ್ಡಿಯಿಂದ ಅಂಟಿಸಿದ್ದರೆ ಕೂದಲು ಒಣಗಿಸುವ ಡ್ರೈಯರ್‌ನಿಂದ ಸ್ವಲ್ಪ ಬಿಸಿ ಗಾಳಿ ಬಿಡಿ. ಆ ಅಂಟು ಬಿಸಿಗೆ ಮೆತ್ತಗಾಗುವ ಜಾತಿಯದು. ಒಂದೊಂದು ಇಂಚು ಬಿಸಿ ಮಾಡುತ್ತಾ ನಿಧಾನಕ್ಕೆ ಎತ್ತಿ. ಬೇಸಿಗೆಯಲ್ಲಿ 42, 43 ಡಿಗ್ರಿ ಮುಟ್ಟುವ ನಮ್ಮ ಊರುಗಳಲ್ಲಿ, ಅದರಲ್ಲೂ ಕಿಟಕಿಯ ಬಿಸಿಲು ನೇರ ಬೀಳುವ ಕಡೆ, ಈ ಅಂಟು ನಂಬಿ ಲೇಸು ಹಾಕುವುದು ನನಗೆ ಸುತಾರಾಂ ಒಪ್ಪಿಗೆ ಇಲ್ಲ. ಕೂರುವ, ಒರಗುವ ವಸ್ತುವಿಗೆ ಲೇಸನ್ನು ಸೂಜಿಯಿಂದಲೇ ಹಚ್ಚಬೇಕು.

ಆಮೇಲೆ ಲೋಡಿನ ಮೈಯ ನೇರ ಹೊಲಿಗೆಯನ್ನು ತುದಿಯ ಹತ್ತಿರ 7, 8 ಇಂಚು ಬಿಚ್ಚಿ. ನಿಮ್ಮ ಕೈ ಒಳಗೆ ಹೋಗಬೇಕು, ಅಷ್ಟೇ. ತುದಿಯ ಹಳೆ ದಾರ ಲಡ್ಡಾಗಿರುತ್ತದೆ, ಅದನ್ನು ತೆಗೆದುಬಿಡಿ. ಗಟ್ಟಿ ನೈಲಾನ್ ಅಥವಾ ಪಾಲಿಸ್ಟರ್ ದಾರ ಎರಡು ಎಳೆ ಮಾಡಿ, ಅರ್ಧ ಅರ್ಧ ಇಂಚಿಗೆ ಒಂದರಂತೆ ಅಂಚಿನ ಸುತ್ತ ಹೊಲಿಗೆ ಓಡಿಸಿ. ಹೊಲಿಗೆ ಒಂದೇ ಅಳತೆ ಇದ್ದರೆ ನೆರಿಗೆಯೂ ಒಂದೇ ಸಮ ಬೀಳುತ್ತದೆ. ಹತ್ತಿ ದಾರ ಬೇಡ, ಎಳೆಯುವಾಗಲೇ ಪಟ್ ಅಂತ ಹರಿದರೆ ಮತ್ತೆ ಮೊದಲಿನಿಂದ ಶುರು ಮಾಡಬೇಕು.

ಇನ್ನು ಗೊಂಡೆ. ಅನೇಕರು ಗೊಂಡೆಯ ಹುರಿಯನ್ನು ಹೊರಬಟ್ಟೆಗೇ ಎರಡು ಹೊಲಿಗೆ ಹಾಕಿ ಬಿಡುತ್ತಾರೆ. ಮಗು ಒಂದು ಸಲ ಜಗ್ಗಿದರೆ ಬಟ್ಟೆ ಸಮೇತ ಹರಿದು ಬರುತ್ತದೆ. ಹಾಗೆ ಮಾಡಬೇಡಿ. ಹುರಿಯನ್ನು ತೂತಿನಿಂದ ಒಳಗೆ ಇಳಿಸಿ. ಒಳಗೆ ಎರಡು ಇಂಚು ಅಗಲದ ದಪ್ಪ ಬಟ್ಟೆಯ ತುಂಡು, ಹಳೆ ಜೀನ್ಸ್ ಪ್ಯಾಂಟಿನದಾದರೆ ಚಲೋ, ಎರಡು ಪದರ ಇಡಿ. ಅದರ ಹಿಂದೆ ಒಂದು ಕೋಟಿನ ಗುಂಡಿ. ಹುರಿ ಬಟ್ಟೆ ದಾಟಿ, ಗುಂಡಿಯ ಕಣ್ಣಿನಲ್ಲಿ ಹೋಗಿ ಬಂದು ಗಂಟಾಗಬೇಕು. ಈಗ ಯಾರೇ ಜಗ್ಗಿದರೂ ಆ ಸೆಳೆತ ಗುಂಡಿಯ ಮೇಲೆ ಹಂಚಿ ಹೋಗುತ್ತದೆ, ಒಂದೇ ದಾರದ ಮೇಲೆ ಬೀಳುವುದಿಲ್ಲ. ಕೊನೆಗೆ ನೆರಿಗೆ ದಾರ ಎಳೆದು, ಅದರ ತುದಿಯನ್ನು ಹುರಿಗೆ ಮೂರು ಸುತ್ತು ಸುತ್ತಿ ಕಟ್ಟಿ. ಮೈಯ ಹೊಲಿಗೆ ಮುಚ್ಚಿ. ಹೊಲಿಗೆ ಹೊರಗೆ ಕಾಣಬಾರದು ಅಂದರೆ ಬಟ್ಟೆಯ ಮಡಿಕೆಯ ಒಳಗೇ ಸೂಜಿ ಆಡಿಸಿ.

ಸುತ್ತ ಲೇಸು ಬೇಕೇ ಬೇಕು ಅಂದರೆ ಬೇಡ ಅನ್ನುವುದಿಲ್ಲ. 9 ಇಂಚಿನ ತುದಿಗೆ ಇಪ್ಪತ್ತೆಂಟೂಕಾಲು ಇಂಚು ಹಿಡಿಯುತ್ತದೆ, ಮೇಲೆ ಮಡಚಲು ಒಂದು ಇಂಚು. ನಾಲ್ಕು ತುದಿಗೆ 117 ಇಂಚು, ಅಂದರೆ ಹತ್ತಿರ ಹತ್ತಿರ 3 ಮೀಟರ್. ಮೂರೂಕಾಲು ಮೀಟರ್ ತನ್ನಿ. ಹತ್ತಿ ಲೇಸಾದರೆ ಹೊಲಿಯುವ ಮೊದಲು ನೀರಲ್ಲಿ ನೆನೆಸಿ ಒಣಗಿಸಿ. ಇಲ್ಲದಿದ್ದರೆ ಮೊದಲ ಒಗೆತಕ್ಕೇ ಲೇಸು ಕುಗ್ಗುತ್ತದೆ, ಬಟ್ಟೆ ಸುಕ್ಕಾಗುತ್ತದೆ.

ಬಿಚ್ಚಿ ಹೋದ ಆ ನಾಲ್ಕನೆಯ ಗೊಂಡೆಯ ಬಗ್ಗೆ ಸ್ವಲ್ಪ ವಿವರವಾಗಿ ಹೇಳುತ್ತೇನೆ. ಈ ಕೆಲಸ ನನಗೆ ಬಹಳ ಇಷ್ಟ.

ಮೊದಲು ಅದನ್ನು ಕೈಯಲ್ಲಿ ಹಿಡಿದು ತಲೆ ಒತ್ತಿ ನೋಡಿ. ಗಟ್ಟಿ ಇದ್ದರೆ ಒಳಗೆ ಮರದ ಗುಂಡು ಇದೆ, ಅದರ ಮೇಲೆ ರೇಷ್ಮೆ ಸುತ್ತಿದ್ದಾರೆ. ಮೆತ್ತಗಿದ್ದರೆ ಬರೀ ದಾರದ ತಲೆ. ಮರದ ಗುಂಡು ಇದ್ದರೆ ಅದನ್ನು ಎಸೆಯಬೇಡಿ, ಅದರ ಮೇಲೇ ಮತ್ತೆ ಕಟ್ಟಬಹುದು. ಆಮೇಲೆ ಸರಿ ಇರುವ ಒಂದು ಗೊಂಡೆ ತೆಗೆದುಕೊಂಡು ಕೆಳಗಿನ ಎಳೆಗಳನ್ನು ಎಣಿಸಿ. ಹೌದು, ಎಣಿಸಲೇಬೇಕು. 200 ಎಳೆ ಇದ್ದರೆ ನೀವು 100 ಸುತ್ತು ಸುತ್ತಬೇಕು, ಯಾಕೆಂದರೆ ಒಂದು ಸುತ್ತಿಗೆ ಎರಡು ಎಳೆ ಬರುತ್ತವೆ. ಎಣಿಸದೆ ಅಂದಾಜಿನಲ್ಲಿ ಸುತ್ತಿದರೆ ಜೋಡಿಯಲ್ಲಿ ಒಂದು ಬಡವಾಗಿ ಕಾಣುತ್ತದೆ.

ಹಳೆ ಗೊಂಡೆ 3 ಇಂಚು ಇದ್ದರೆ ಮೂರೂಕಾಲು ಇಂಚಿನ ಗಟ್ಟಿ ರಟ್ಟು ತೆಗೆದುಕೊಳ್ಳಿ. ಕೊನೆಗೆ ಕತ್ತರಿಸಿ ಸಮ ಮಾಡಲು ಆ ಕಾಲು ಇಂಚು ಬೇಕಾಗುತ್ತದೆ. ರೇಷ್ಮೆ ದಾರವನ್ನು ರಟ್ಟಿಗೆ ಸುತ್ತಿ. ಬಿಗಿ ಬೇಡ, ರಟ್ಟು ಬಾಗಬಾರದು. ಸುತ್ತು ಮುಗಿದ ಮೇಲೆ ಮೇಲಿನ ಅಂಚಿನಲ್ಲಿ ಎಲ್ಲ ಎಳೆಗಳ ಕೆಳಗೆ ಹುರಿ ತೂರಿಸಿ ಗಂಟು ಹಾಕಿ. ಕೆಳಗಿನ ಅಂಚಿನಲ್ಲಿ ಕತ್ತರಿ ಆಡಿಸಿ. ಈಗ ಕೈಯಲ್ಲಿ ಒಂದು ಹಿಡಿ ಎಳೆ ಇರುತ್ತದೆ. ಮರದ ಗುಂಡು ಇದ್ದರೆ ಎಳೆಗಳನ್ನು ಅದರ ಸುತ್ತ ಹರಡಿ ಮುಚ್ಚಿ.

ಈಗ ಕತ್ತು ಕಟ್ಟುವುದು. ಗೊಂಡೆಯ ಜೀವ ಇರುವುದು ಇಲ್ಲೇ. ಉದ್ದನೆಯ ಒಂದು ದಾರ ತೆಗೆದುಕೊಂಡು ಅದರ ಒಂದು ಕಡೆ ಉದ್ದ ಕುಣಿಕೆ ಮಾಡಿ. ಕುಣಿಕೆಯ ಬಾಯಿ ಕೆಳಗೆ, ಗಿಡ್ಡ ತುದಿ ಮೇಲೆ ಬರುವಂತೆ ಕತ್ತಿನ ಮೇಲೆ ಇಟ್ಟು ಹೆಬ್ಬೆರಳಿನಿಂದ ಒತ್ತಿ ಹಿಡಿಯಿರಿ. ಉದ್ದ ತುದಿಯಿಂದ ಮೇಲಿನಿಂದ ಕೆಳಕ್ಕೆ ಹತ್ತು ಹನ್ನೆರಡು ಸುತ್ತು ಸುತ್ತಿ, ಒಂದರ ಪಕ್ಕ ಒಂದು, ಒಂದರ ಮೇಲೆ ಒಂದು ಹತ್ತಬಾರದು. ಸುತ್ತಿದ ತುದಿಯನ್ನು ಕುಣಿಕೆಯೊಳಗೆ ತೂರಿಸಿ. ಈಗ ಮೇಲಿನ ಗಿಡ್ಡ ತುದಿಯನ್ನು ನಿಧಾನಕ್ಕೆ ಎಳೆಯಿರಿ. ಕುಣಿಕೆ ಆ ತುದಿಯನ್ನು ಕಚ್ಚಿಕೊಂಡು ಸುತ್ತುಗಳ ಕೆಳಗೆ ಸರಿಯುತ್ತದೆ. ಅರ್ಧ ಒಳಗೆ ಹೋದಾಗ ನಿಲ್ಲಿಸಿ, ಎರಡೂ ತುದಿ ಕತ್ತರಿಸಿ. ಗಂಟು ಎಲ್ಲೂ ಕಾಣುವುದಿಲ್ಲ, ಬಿಚ್ಚುವುದೂ ಇಲ್ಲ. ಮೊದಲ ಸಲ ಇದನ್ನು ನನಗೆ ಕಲಿಸಿದ ಹಿರಿಯರು ಬೆಳಕಿಗೆ ಹಿಡಿದು ‘ಗಂಟು ಎಲ್ಲಿದೆ ತೋರಿಸು’ ಅಂದಿದ್ದರು. ನನಗೆ ಸಿಕ್ಕಿರಲಿಲ್ಲ. ಆ ದಿನದ ಸಂತೋಷ ಇವತ್ತಿಗೂ ಇದೆ.

ಹೊಸ ದಾರದ ಬಣ್ಣ ಹಳೆಯದಕ್ಕೆ ಕೂಡುವುದಿಲ್ಲ ಅನ್ನುವ ಚಿಂತೆ ಇದ್ದರೆ ಒಂದು ಉಪಾಯ. ಬಿಚ್ಚಿದ ಗೊಂಡೆಯಲ್ಲಿ ಉಳಿದ ಹಳೆ ಎಳೆಗಳನ್ನು ಹೊರಗೆ ಬರುವಂತೆ ಹರಡಿ, ಹೊಸ ಎಳೆಗಳನ್ನು ಒಳಗೆ ತುಂಬಿ. ಕಣ್ಣಿಗೆ ಬೀಳುವುದು ಆಯಿಯ ರೇಷ್ಮೆಯೇ. ಆಮೇಲೆ ಕುದಿಯುವ ಕೆಟಲಿನ ಆವಿಗೆ ದೂರದಿಂದ ಹಿಡಿದರೆ ಸುರುಳಿಯಾದ ಎಳೆ ನೇರ ಆಗುತ್ತವೆ. ಎಳೆಗಳ ಸುತ್ತ ಕಾಗದ ಬಿಗಿಯಾಗಿ ಸುತ್ತಿ, ಕಾಗದದ ಅಂಚಿಗೆ ಸರಿಯಾಗಿ ಕತ್ತರಿಸಿ.

ಇಷ್ಟೊತ್ತು ಗೊಂಡೆ, ಕುಚ್ಚು ಎರಡೂ ಶಬ್ದ ಬಳಸುತ್ತಿದ್ದೇನೆ. ಕೆಲಸ ಮಾಡುವವರ ಬಾಯಲ್ಲಿ ಗೊಂಡೆ ಅಂದರೆ ತಲೆ ದುಂಡಗೆ ತುಂಬಿಕೊಂಡದ್ದು, ಇಲ್ಲವೇ ಪೂರ್ತಿ ಚೆಂಡಿನ ಹಾಗೆ ಇರುವುದು. ಕುಚ್ಚು ಅಂದರೆ ಎಳೆಗಳ ಗೊಂಚಲು, ಉದ್ದಕ್ಕೆ ಇಳಿಯುವುದು. ಸಾಲಾಗಿ ಇಳಿಬಿದ್ದರೆ ಝಾಲರು. ನಮ್ಮ ಕಡೆ ಉರ್ದು ಮನೆಮಾತಿನವರು ಫುಂದಾ, ಫುಂದನಾ ಅನ್ನುತ್ತಾರೆ. ಶಬ್ದ ಬೇರೆ ಬೇರೆ ಆದರೂ ಕಟ್ಟುವ ಕೈ ಒಂದೇ.

ಕೆಲಸದ ಮಾತಿಗೆ ವಾಪಸ್ ಬರೋಣ. ಮನೆಯವರಿಗೆ ಒಂದು ಸಣ್ಣ ಉದಾಹರಣೆ ತೋರಿಸಿ. ಪೈಜಾಮದ ಲಾಡಿಯ ತುದಿಗೆ ಗೊಂಡೆ ಯಾಕೆ? ತುದಿ ದಪ್ಪ ಇರಲಿ, ಲಾಡಿ ನೇಫಾದೊಳಗೆ, ಅಂದರೆ ಸೊಂಟದ ಮಡಿಕೆಯೊಳಗೆ, ಜಾರಿ ಮಾಯ ಆಗಬಾರದು ಅಂತ. ಗೊಂಡೆ ಇಲ್ಲದ ಲಾಡಿ ಒಳಗೆ ಹೋದಾಗ ಪಿನ್ ಸಿಕ್ಕಿಸಿ ಹೊರಗೆ ತೆಗೆಯುವ ಪಾಡು ಎಲ್ಲರಿಗೂ ಗೊತ್ತು. ಜಡೆ ಕುಚ್ಚೂ ಹಾಗೇ. ಹೆಣೆದ ಜಡೆಯ ತುದಿ ಬಿಚ್ಚದಂತೆ ಹಿಡಿಯುತ್ತದೆ, ಭಾರಕ್ಕೆ ಜಡೆ ಬೆನ್ನ ಮೇಲೆ ನೇರ ನಿಲ್ಲುತ್ತದೆ. ಕಾರಹುಣ್ಣಿಮೆಗೆ ಎತ್ತಿನ ಹಣೆಗೆ ಕಟ್ಟುವ ಗೊಂಡೆ ನೋಡಿ. ಎತ್ತು ತಲೆ ಅಲ್ಲಾಡಿಸಿದಾಗಲೆಲ್ಲ ಆ ಎಳೆಗಳು ಕಣ್ಣಿನ ಸುತ್ತ ಆಡುತ್ತವೆ, ನೊಣ ಕೂರುವುದಿಲ್ಲ. ಕುದುರೆಯ ಹಣೆಪಟ್ಟಿಗೆ ಎಳೆ ಇಳಿಬಿಡುವುದೂ ಇದಕ್ಕೇ. ಹಬ್ಬದ ದಿನ ನಾವು ಅದಕ್ಕೆ ಬಣ್ಣ ಬಣ್ಣದ ಉಣ್ಣೆ ಹಾಕಿ, ಗೆಜ್ಜೆ ಸೇರಿಸಿ ಸಿಂಗಾರ ಮಾಡುತ್ತೇವೆ.

ಕುರುಬರ ಕಂಬಳಿಯ ತುದಿ ನೋಡಿದ್ದೀರಾ? ಹುಣಸೆ ಬೀಜದ ಗಂಜಿ ಹಾಕಿ ಬಿಗಿ ಮಾಡಿದ ಉಣ್ಣೆ ಎಳೆಗಳನ್ನು ನೇಯ್ದು, ತುದಿಯಲ್ಲಿ ಉಳಿದದ್ದನ್ನು ಗಂಟು ಹಾಕಿ ಬಿಡುತ್ತಾರೆ. ಅದನ್ನು ಯಾರೂ ಶೋಕಿ ಅನ್ನುವುದಿಲ್ಲ. ಗಂಟು ಬಿಚ್ಚಿದರೆ ಅಡ್ಡ ಎಳೆ ಒಂದೊಂದೇ ಜಾರಿ ಕಂಬಳಿಯೇ ಸವೆಯುತ್ತದೆ ಅಂತ ಹೊದ್ದವರಿಗೆ ಗೊತ್ತು. ಜಮಖಾನದ ತುದಿಯ ಗಂಟೂ ಇದೇ.

ಸೋಫಾದ ಮೇಲೆ ಒತ್ತಿ ಕೂರಿಸಿದ ಗುಂಡಿಗಳು, ಅವುಗಳ ಸುತ್ತ ಚೌಕ ಚೌಕ ಬೀಳುವ ಮಡಿಕೆಗಳು ಕೂಡ ಹೀಗೇ ಬಂದವು. ಮೊದಲು ಗಾದಿಯೊಳಗೆ ಕುದುರೆ ಕೂದಲು, ತೆಂಗಿನ ನಾರು, ಹತ್ತಿ ತುಂಬುತ್ತಿದ್ದರು. ಕೂತು ಎದ್ದು ಮಾಡಿದರೆ ಅದು ಒಂದು ಕಡೆಗೆ ಸರಿದು ಗುಡ್ಡ ಆಗುತ್ತದೆ. ಅದಕ್ಕೆ ದಬ್ಬಣದಲ್ಲಿ ಮೇಣ ಸವರಿದ ದಾರ ಪೋಣಿಸಿ, ಮೇಲಿನಿಂದ ಕೆಳಗೆ ತೂರಿಸಿ ಅಲ್ಲಲ್ಲಿ ಕಟ್ಟಿದರು. ದಾರ ಬಟ್ಟೆ ಕೊಯ್ಯದಿರಲಿ ಅಂತ ನೂಲಿನ ಸಣ್ಣ ಕುಚ್ಚು ಇಟ್ಟರು, ಆಮೇಲೆ ಬಟ್ಟೆ ಮುಚ್ಚಿದ ಗುಂಡಿ ಬಂತು. ಹತ್ತಿ ಗಾದಿಗೆ ಅಲ್ಲಲ್ಲಿ ಟಾಕಿ ಹಾಕುವುದೂ ಇದೇ ಲೆಕ್ಕ. ಈಗ ಸೋಫಾದೊಳಗೆ ಇರುವುದು ಫೋಮ್, ಅದು ಸರಿಯುವುದಿಲ್ಲ. ಗುಂಡಿ ಮಾತ್ರ ಉಳಿದುಕೊಂಡಿದೆ. ಸೋಫಾದ ಕಟ್ಟಿಗೆಯ ಅಂಚಿಗೆ ಓಡುವ ಸಣ್ಣ ಪಟ್ಟಿ ಲೇಸು ಮಾತ್ರ ಇನ್ನೂ ಹಳೆ ಕೆಲಸ ಮಾಡುತ್ತಿದೆ, ಬಟ್ಟೆ ಹೊಡೆದ ಮೊಳೆಯ ತಲೆ ಮುಚ್ಚುವುದು.

ನಿಮ್ಮ ಆಯಿಯ ಲೋಡು ಇದ್ದ ಬೈಠಕ್ಕಿನ ಬಗ್ಗೆ ಒಂದು ಮಾತು ಹೇಳದೆ ಮುಂದೆ ಹೋಗಲು ಮನಸ್ಸಿಲ್ಲ. ನೆಲಕ್ಕೆ ಹಾಸು, ಗೋಡೆಗೆ ಲೋಡು, ಇದು ದಖ್ಖನಿನ ಕೂರುವ ರೀತಿ. ಹಾಸಿನ ಮೂಲೆ ಗಾಳಿಗೆ ಏಳದಿರಲಿ ಅಂತ ನಾಲ್ಕು ಮೂಲೆಗೆ ಭಾರ ಇಡುತ್ತಿದ್ದರು. ಬೀದರಿನ ಬಿದರಿ ಕೆಲಸದವರು ಅದಕ್ಕೇ ಗುಮ್ಮಟದ ಆಕಾರದ ಭಾರಗಳನ್ನು ಮಾಡುತ್ತಿದ್ದರು, ಕಪ್ಪು ಲೋಹದ ಮೇಲೆ ಬೆಳ್ಳಿಯ ಹೂಬಳ್ಳಿ. ಅವಕ್ಕೆ ಮೀರ್‌ಫರ್ಶ್ ಅಂತ ಹೆಸರು. ಮ್ಯೂಸಿಯಮ್ಮುಗಳಲ್ಲಿ ಗಾಜಿನೊಳಗೆ ಇಟ್ಟಿದ್ದಾರೆ. ನೋಡಿದವರು ಅದನ್ನು ಅಲಂಕಾರದ ವಸ್ತು ಅಂದುಕೊಳ್ಳುತ್ತಾರೆ. ಅದು ಬಟ್ಟೆ ಹಿಡಿಯುವ ಕಲ್ಲಿನ ತಂಗಿ.

ಕೆಲಸವೇ ಇಲ್ಲದ ಗೊಂಡೆಗಳೂ ಇವೆ, ಅದನ್ನೂ ಒಪ್ಪಬೇಕು. ನಮ್ಮ ಭಾಗ 1948ರವರೆಗೆ ಹೈದರಾಬಾದ್ ಸಂಸ್ಥಾನದಲ್ಲಿತ್ತು. ಆ ಕಾಲದ ಫೋಟೋಗಳಲ್ಲಿ ಕೆಂಪು ರೂಮಿ ಟೋಪಿ ಹಾಕಿದವರು ಕಾಣುತ್ತಾರೆ, ಮೇಲೆ ಕರಿ ಫುಂದಾ. ಅದು ಏನನ್ನೂ ಹಿಡಿದಿಡುವುದಿಲ್ಲ. ಆದರೆ ಟೋಪಿ ಹಾಕಿದವರು ಯಾರು ಅಂತ ದೂರದಿಂದಲೇ ಹೇಳುತ್ತಿತ್ತು. ಅದಕ್ಕೆ ಎಷ್ಟು ತೂಕ ಇತ್ತು ಅಂದರೆ, ತುರ್ಕಿಯಲ್ಲಿ 1925ರಲ್ಲಿ ಕಾನೂನು ಮಾಡಿ ಆ ಟೋಪಿಯನ್ನೇ ನಿಲ್ಲಿಸಿದರು. ಇನ್ನೂ ಹಿಂದಕ್ಕೆ ಹೋದರೆ, ಈಗಿನ ಇರಾಕಿನ ನೆಲದಲ್ಲಿದ್ದ ಮೆಸೊಪೊಟೇಮಿಯಾದಲ್ಲಿ ಮುದ್ರೆ ಇಲ್ಲದವರು ತಮ್ಮ ಉಡುಪಿನ ಅಂಚನ್ನು ಹಸಿ ಮಣ್ಣಿನ ಕರಾರು ಹಲಗೆಯ ಮೇಲೆ ಒತ್ತುತ್ತಿದ್ದರು. ಸೆರಗಿನ ಗುರುತೇ ಸಹಿ. ಅಚ್ಚುಕಟ್ಟಾಗಿ ಕಟ್ಟಿದ ಒಂದು ಅಂಚು ಕಂಡಾಗಲೆಲ್ಲ ನನಗೆ ಈ ಮಾತು ನೆನಪಾಗುತ್ತದೆ.

ನಮ್ಮ ತಾಂಡಾಗಳ ಲಂಬಾಣಿ ಹೆಣ್ಣುಮಕ್ಕಳ ಉಡುಪಿನಲ್ಲಿ ಕೆಲಸ ಮತ್ತು ಗುರುತು ಎರಡೂ ಒಟ್ಟಿಗೆ ಇವೆ. ಫೇಟಿಯಾ ಅನ್ನುವ ಲಂಗ, ಕಾಂಚಳಿ ಅನ್ನುವ ಕುಪ್ಪಸ, ತಲೆಯ ಮೇಲಿನ ಬಟ್ಟೆ, ಎಲ್ಲದರ ಅಂಚಿಗೂ ಕವಡೆ, ಕನ್ನಡಿ, ನಾಣ್ಯ, ಉಣ್ಣೆ ಗೊಂಡೆ. ಒಂದು ಸಲ ನಮ್ಮ ಅಂಗಡಿಗೆ ಬಂದ ಹಿರಿಯ ತಾಯಿಯೊಬ್ಬರ ತಲೆಬಟ್ಟೆಯನ್ನು ಕೈಯಲ್ಲಿ ಹಿಡಿದು ನೋಡಿದ್ದೆ. ನಡುವೆ ಹಗುರ, ಅಂಚಿಗೆ ಬಂದರೆ ಕೈ ಕೆಳಗೆ ಇಳಿಯುವಷ್ಟು ಭಾರ. ಬಯಲಿನಲ್ಲಿ ನಡೆಯುವಾಗ ಗಾಳಿಗೆ ಬಟ್ಟೆ ಹಾರುವುದಿಲ್ಲ. ಸಂಡೂರಿನ ಲಂಬಾಣಿ ಕಸೂತಿಗೆ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿದೆ. ನಮ್ಮ ಜಿಲ್ಲೆಯ ತಾಂಡಾಗಳಲ್ಲೂ ಈ ಕೈ ಇದೆ. ಅವರಿಂದ ಗೊಂಡೆ ಕಟ್ಟಿಸಿಕೊಂಡರೆ ಕೇಳಿದ ದುಡ್ಡು ಕೊಡಿ, ಚೌಕಾಸಿ ಬೇಡ. ಒಂದು ಗೊಂಡೆಗೆ ಎಷ್ಟು ಹೊತ್ತು ಹಿಡಿಯುತ್ತದೆ ಅಂತ ನೀವೇ ಈಗ ಒಂದು ಕಟ್ಟಿದರೆ ತಿಳಿಯುತ್ತದೆ.

ಈಗ ಮಗಳ ಸೀರೆ. ಮಗಳ ಹಟ ಸರಿಯಾಗಿದೆ. ಕೈಮಗ್ಗದಲ್ಲಿ ಉದ್ದಕ್ಕೆ ಕಟ್ಟಿದ ಎಳೆಗಳಿಗೆ ಹಾಸು ಅನ್ನುತ್ತಾರೆ. ಒಂದೇ ಹಾಸಿನ ಮೇಲೆ ಹಲವು ಸೀರೆ ನೇಯುತ್ತಾರೆ. ಒಂದು ಸೀರೆ ಮುಗಿದು ಇನ್ನೊಂದು ಶುರುವಾಗುವ ನಡುವೆ ಸ್ವಲ್ಪ ನೇಯದೆ ಬಿಡುತ್ತಾರೆ. ಅಲ್ಲಿ ಕತ್ತರಿಸಿದಾಗ ಸೆರಗಿನ ತುದಿಗೆ ಬಿಡಿ ಎಳೆಗಳು ಉಳಿಯುತ್ತವೆ. ಅವನ್ನು ಹಿಡಿ ಹಿಡಿಯಾಗಿ ಗಂಟು ಹಾಕಿದರೆ ಅದೇ ಕುಚ್ಚು. ನೇಯ್ಗೆ ಬಿಚ್ಚದಂತೆ ಕಾಯುವ ಗಂಟು. ಇಳಕಲ್ ಸೀರೆಯಲ್ಲಿ ಮೈಯ ಹಾಸು ಬೇರೆ, ಸೆರಗಿನ ಹಾಸು ಬೇರೆ. ಎರಡನ್ನೂ ಕೊಂಡಿ ಹಾಕಿ ಜೋಡಿಸುತ್ತಾರೆ. ಹಾಗಾಗಿ ಮೈ ಹತ್ತಿಯದಿದ್ದರೂ ಸೆರಗಿನ ತುದಿಯಲ್ಲಿ ರೇಷ್ಮೆ ಎಳೆಯೇ ಸಿಗುತ್ತದೆ.

ಅದಕ್ಕೆ ಸೀರೆ ಬಿಚ್ಚಿ ಮೊದಲು ಸೆರಗಿನ ತುದಿ ನೋಡಿ. ಮೂರು ನಾಲ್ಕು ಇಂಚು ಬಿಡಿ ಎಳೆ ಇದ್ದರೆ ಅದೇ ಎಳೆಯ ಕುಚ್ಚು ಕಟ್ಟಿಸಿ. ನನ್ನ ಮನಸ್ಸಿಗೆ ಅದರಷ್ಟು ಚೆಂದ ಬೇರೆ ಇಲ್ಲ, ಬಣ್ಣ ಕೂಡಿಸುವ ಚಿಂತೆಯೂ ಇಲ್ಲ. ಎಳೆ ಕತ್ತರಿಸಿ ಅಂಚು ಮಡಚಿದ್ದರೆ ಬೇರೆ ದಾರದ ಕುಚ್ಚು ಹಚ್ಚಬೇಕು, ಕ್ರೋಶಾ ಸೂಜಿಯಿಂದ. ಸೆರಗಿನ ಅಗಲ ಸುಮಾರು 46 ಇಂಚು. ಅರ್ಧ ಇಂಚಿಗೆ ಒಂದರಂತೆ 90ರ ಮೇಲೆ ಕುಚ್ಚು ಬರುತ್ತವೆ. ನನ್ನ ಕೈಗೆ ಒಂದಕ್ಕೆ ನಾಲ್ಕು ನಿಮಿಷ ಬೇಕು, ಅಂದರೆ ಒಂದು ಸೀರೆಗೆ ಆರು ತಾಸು. ಮಣಿ ಸೇರಿಸಿದರೆ ಇನ್ನೂ ಜಾಸ್ತಿ. ಖರ್ಚು ಕಡಿಮೆ ಮಾಡಬೇಕು ಅಂದರೆ ಒಂದೊಂದು ಇಂಚಿಗೆ ಒಂದು ಹಾಕಿಸಿ. ಕುಚ್ಚು ಕಡಿಮೆ ಆಗಲಿ, ದಾರ ಮಾತ್ರ ಅಗ್ಗದ್ದು ಬೇಡ.

ದಾರ ಹೇಗೆ ಗುರುತಿಸುವುದು ಅಂತ ಕೇಳುತ್ತೀರಿ. ಒಂದು ಎಳೆ ತೆಗೆದು, ಚಿಮಟದಲ್ಲಿ ಹಿಡಿದು ಬೆಂಕಿ ತಾಗಿಸಿ. ರೇಷ್ಮೆ ನಿಧಾನಕ್ಕೆ ಉರಿಯುತ್ತದೆ, ಕೂದಲು ಸುಟ್ಟ ವಾಸನೆ ಬರುತ್ತದೆ, ಬೂದಿ ಬೆರಳಲ್ಲಿ ಪುಡಿಯಾಗುತ್ತದೆ. ಆರ್ಟ್ ಸಿಲ್ಕ್ ಅಂತ ಮಾರುವ ರೇಯಾನ್ ಕಾಗದದ ಹಾಗೆ ಭಗ್ ಅಂತ ಉರಿಯುತ್ತದೆ. ಪಾಲಿಸ್ಟರ್ ಕರಗಿ ಗಟ್ಟಿ ಮಣಿ ಆಗುತ್ತದೆ. ರೇಯಾನ್ ಹೊಳಪಿಗೆ ಮೋಸ ಹೋಗಬೇಡಿ. ಒದ್ದೆಯಾದರೆ ಅದರ ಗಟ್ಟಿತನ ಅರ್ಧದಷ್ಟು ಇಳಿದುಬಿಡುತ್ತದೆ. ಕುಚ್ಚು ತೊಳೆದು ಹಿಂಡಿದರೆ ಎಳೆ ತುಂಡಾಗುತ್ತವೆ. ಜರಿಯೂ ಅಷ್ಟೇ. ಅಸಲಿ ಜರಿಯಲ್ಲಿ ರೇಷ್ಮೆ ಎಳೆಗೆ ಬೆಳ್ಳಿ ತಂತಿ ಸುತ್ತಿ ಮೇಲೆ ಬಂಗಾರದ ಲೇಪ ಇರುತ್ತದೆ. ನಕಲಿಯಲ್ಲಿ ತಾಮ್ರದ ತಂತಿ. ಇನ್ನೊಂದು ಬರೀ ಪ್ಲಾಸ್ಟಿಕ್ ಪಟ್ಟಿ. ಶುರುವಿನ ದಿನಗಳಲ್ಲಿ ನಾನು ಪ್ಲಾಸ್ಟಿಕ್ ಜರಿ ಕುಚ್ಚಿನ ಮೇಲೆ ಬಿಸಿ ಇಸ್ತ್ರಿ ಇಟ್ಟುಬಿಟ್ಟಿದ್ದೆ. ಮದುಮಗಳ ಸೀರೆ ಅದು. ಹತ್ತು ಕುಚ್ಚು ಸುಟ್ಟು ಅಂಟಿಕೊಂಡವು. ರಾತ್ರಿಯಿಡೀ ಕೂತು ಮತ್ತೆ ಕಟ್ಟಿಕೊಟ್ಟೆ. ಅಂದಿನಿಂದ ಕುಚ್ಚಿನ ಮೇಲೆ ಇಸ್ತ್ರಿ ಇಡುವುದಿಲ್ಲ, ಆವಿ ಮಾತ್ರ.

ಬಣ್ಣ ಬಿಡುತ್ತದಾ ಅಂತ ಕುಚ್ಚು ಹಾಕುವ ಮೊದಲೇ ನೋಡಿ. ದಾರವನ್ನು ಒದ್ದೆ ಬಿಳಿ ಬಟ್ಟೆಯ ನಡುವೆ ಇಟ್ಟು ಹತ್ತು ನಿಮಿಷ ಒತ್ತಿಡಿ. ಬಟ್ಟೆಗೆ ಬಣ್ಣ ಹತ್ತಿದರೆ ಆ ದಾರ ಬೇಡ. ಕೆಂಪು, ಕರಿಗೆಂಪು ದಾರ ತಂದರೆ ಇದನ್ನು ಮರೆಯಲೇಬೇಡಿ.

ಲೋಡಿನ ಹಳೆ ಗೊಂಡೆಗಳನ್ನು ನೀರಿಗೆ ಹಾಕಬೇಡಿ. ಒಳಗೆ ಮರ ಇದ್ದರೆ ಉಬ್ಬುತ್ತದೆ, ಹಳೆ ಬಣ್ಣ ಹರಿಯುತ್ತದೆ. ತೆಳು ಜಾಳಿಗೆ ಬಟ್ಟೆ ಮೇಲೆ ಹಿಡಿದು ವ್ಯಾಕ್ಯೂಮಿನಿಂದ ಧೂಳು ಎಳೆಯಿರಿ, ಅದಿಲ್ಲದಿದ್ದರೆ ಮೆತ್ತನೆ ಬ್ರಷ್ ಸಾಕು. ನೇರ ಬಿಸಿಲಿಗೆ ದಿನಗಟ್ಟಲೆ ಇಟ್ಟರೆ ರೇಷ್ಮೆ ಬಣ್ಣ ಕಳೆದುಕೊಂಡು ಜೀರ್ಣವಾಗುತ್ತದೆ. ಉಣ್ಣೆ ಗೊಂಡೆ ಇದ್ದರೆ ನುಸಿಹುಳ ತಿನ್ನುತ್ತದೆ, ಆಗಾಗ ತೆಗೆದು ಝಾಡಿಸಬೇಕು.

ಮನೆಯಲ್ಲಿ ಚಿಕ್ಕ ಮಕ್ಕಳಿದ್ದರೆ ಗೊಂಡೆಗೆ ಮಣಿ ಪೋಣಿಸಬೇಡಿ, ಬಾಯಿಗೆ ಹಾಕಿಕೊಳ್ಳುತ್ತವೆ. ಮಕ್ಕಳ ಅಂಗಿಯ ಕತ್ತಿಗೆ ಗೊಂಡೆ ಲಾಡಿ ನಾನು ಹಾಕಿಕೊಡುವುದೇ ಇಲ್ಲ. ಜಾರುಬಂಡಿಗೆ, ಬಾಗಿಲಿಗೆ ಸಿಕ್ಕಿಕೊಂಡು ಕತ್ತು ಬಿಗಿಯುತ್ತದೆ. ಅಮೆರಿಕದ ಗ್ರಾಹಕ ಸುರಕ್ಷತಾ ಆಯೋಗ ಇದಕ್ಕಾಗಿ 1996ರಲ್ಲೇ ಮಾರ್ಗಸೂಚಿ ಮಾಡಿದೆ. ಮಗಳಿಗೂ ಒಂದು ಮಾತು ಹೇಳಿ. ಗಾಡಿಯ ಹಿಂದೆ ಕೂರುವಾಗ ಸೆರಗಿನ ಕುಚ್ಚು ಮಡಿಲಿಗೆ ತೆಗೆದುಕೊಳ್ಳಲಿ. ಚಕ್ರಕ್ಕೆ ಮೊದಲು ಸಿಕ್ಕುವುದು ಅದೇ.

ಸೀರೆಯನ್ನು ಮದುವೆಗೆ ಮೂರು ವಾರ ಮುಂಚೆ ಕೊಡಿ. ಫಾಲ್ ಮೊದಲು ಹಚ್ಚಿಸಿ, ಕುಚ್ಚು ಆಮೇಲೆ. ಇಲ್ಲದಿದ್ದರೆ ಮಷಿನ್ನಿನ ಕೆಳಗೆ ಕುಚ್ಚು ಸಿಕ್ಕಿ ಎಳೆ ಬರುತ್ತದೆ. ಕೊಡುವ ಮೊದಲು ಸೆರಗಿನ ತುದಿಯ ಒಂದು ಫೋಟೋ ತೆಗೆದಿಟ್ಟುಕೊಳ್ಳಿ, ‘ಬಿಡಿ ಎಳೆ ಕತ್ತರಿಸಬಾರದು’ ಅಂತ ಚೀಟಿ ಬರೆದು ಸೆರಗಿಗೆ ಪಿನ್ ಮಾಡಿ. ಒಂದು ಲೋಡಿನ ಒಂದು ತುದಿ ಗೋಡೆ ಬದಿ ಬರುವಂತೆ ಇಡುವುದಾದರೆ ಹೊಸದಾಗಿ ಕಟ್ಟಿದ ಗೊಂಡೆ ಆ ಕಡೆ ಬರಲಿ, ಆಯಿ ಕಟ್ಟಿಸಿದ ಮೂರು ಈ ಕಡೆ ಕಾಣಲಿ.